ಮೊಹರು ಬೀಳದ ಪುಸ್ತಕ

೧೯೭೯ರ ಬೇಸಿಗೆಯಲ್ಲಿ, ಅರಸೀಕೆರೆಯ ಗ್ರಂಥಾಲಯವೊಂದರಲ್ಲಿ ಯಾರೂ ಎರವಲು ಒಯ್ಯದ ಪುಸ್ತಕಗಳನ್ನು ತೆಗೆದುಹಾಕಲು ಪಟ್ಟಿ ತಯಾರಾಯಿತು. ಹೆಸರಾಂತ ಕಾದಂಬರಿಕಾರರೊಬ್ಬರ ಸಮಗ್ರ ಪ್ರಬಂಧಗಳ ಸಂಪುಟವೂ ಅದರಲ್ಲಿತ್ತು. ನಾನಾಗ ಬೆಂಗಳೂರಿನ ಪತ್ರಿಕೆಯೊಂದಕ್ಕೆ ಅಲ್ಲಿಂದ ಸುದ್ದಿ ಕಳಿಸುತ್ತಿದ್ದೆ. ಸಂಪುಟಕ್ಕೆ ಅಂಟಿಸಿದ್ದ ಚೀಟಿಯಲ್ಲಿ ತಾರೀಖಿನ ಮೊಹರು ಒಂದೂ ಇರಲಿಲ್ಲ. ಅವರ ಕಾದಂಬರಿಗಳಿಗೆ ಜನ ಸರದಿ ಕಾಯುತ್ತಾರೆ, ಪ್ರಬಂಧಗಳಿಗೆ ಓದುಗರೇ ಇಲ್ಲ ಎಂದು ವರದಿ ಬರೆದೆ. ಕಣ್ಣಾರೆ ಕಂಡದ್ದನ್ನಷ್ಟೇ ಬರೆಯಬೇಕೆಂಬ ಕಸುಬಿನ ನಿಯಮವನ್ನು ನಾನು ಮೀರಿರಲಿಲ್ಲ. ಪುಸ್ತಕವನ್ನು ಓದಿರಲಿಲ್ಲ, ಅಷ್ಟೇ.

ವರದಿ ಅಚ್ಚಾದ ವಾರ, ಅದರ ತುಣುಕನ್ನು ಜೇಬಿನಲ್ಲಿಟ್ಟುಕೊಂಡು ಪದ್ಮರಾಜಯ್ಯನವರು ನನ್ನ ಕೋಣೆಗೆ ಬಂದರು. ಹಳೇಬೀಡಿನ ಬಸದಿಗಳ ಹತ್ತಿರ ಮನೆ, ಒಂದಿಷ್ಟು ತೆಂಗಿನ ತೋಟ. ವಾರಕ್ಕೊಮ್ಮೆ ಕೊಬ್ಬರಿ ಹಾಕಲು ನಮ್ಮೂರ ಮಂಡಿಗೆ ಬರುವವರು. ಕೂತ್ಕೊಳ್ಳಿ ಎಂದರೂ ಕೂರಲಿಲ್ಲ.

“ನೀವು ಬರ್ದಿರೋದು ಚೀಟಿ ಪ್ರಕಾರ ಸರಿ ಕಣ್ರೀ. ಆದ್ರೆ ಆ ಪುಸ್ತಕಾನ ನಾನೊಬ್ನೇ ಮೂರು ಸುತ್ತು ಓದಿದೀನಿ.”

ಅವರದು ಜೈನರ ಮನೆ. ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಅದಕ್ಕೆ ನಾಲ್ಕು ಗಂಟೆಯ ಬಸ್ಸು ಹಿಡಿಯಲೇಬೇಕು. ಮಂಡಿಯ ಕೆಲಸ ಮುಗಿದ ಮೇಲೆ ಉಳಿಯುವ ಅರ್ಧ ಗಂಟೆಯಲ್ಲಿ ಗ್ರಂಥಾಲಯದ ಬೆಂಚಿನ ಮೇಲೆ ಒಂದು ಪ್ರಬಂಧ. ಕಾದಂಬರಿಯಾದರೆ ಯಾರನ್ನೋ ಕಷ್ಟದಲ್ಲಿ ಬಿಟ್ಟು ಬಸ್ಸು ಹತ್ತಬೇಕಾಗುತ್ತದಂತೆ. ಮನೆಗೆ ಏಕೆ ಒಯ್ಯಲಿಲ್ಲ ಎಂದೆ. ಒಯ್ದರೆ ಎರಡೇ ದಿನಕ್ಕೆ ಮುಗಿದುಹೋಗುತ್ತದೆ, ಆಮೇಲೆ ವಾರವಿಡೀ ಮೆಲುಕು ಹಾಕಲು ಏನಿರುತ್ತದೆ ಎಂದರು. ಒಮ್ಮೆ ಮಾತ್ರ ಒಂದು ಪ್ರಬಂಧವನ್ನು ಮುಗಿಸಿದ ಕೂಡಲೇ ಮತ್ತೆ ಮೊದಲಿನಿಂದ ಓದಿದರಂತೆ. ಬಸ್ಸು ಹೋಯಿತು, ಅಂದು ಉಪವಾಸ. ಇದನ್ನು ಹೇಳುವಾಗ ಅವರ ಮುಖದಲ್ಲಿ ಪಶ್ಚಾತ್ತಾಪವೇನೂ ಕಾಣಲಿಲ್ಲ.

ಇಬ್ಬರೂ ಗ್ರಂಥಪಾಲಕಿ ಸರೋಜಮ್ಮನವರ ಬಳಿಗೆ ಹೋದೆವು. ಪದ್ಮರಾಜಯ್ಯನವರು ಓದುವುದನ್ನು ಅವರು ವಾರವಾರವೂ ಕಂಡವರೇ. ಆದರೆ ಕಂಡದ್ದನ್ನು ಬರೆಯಲು ನಮೂನೆಯಲ್ಲಿ ಕಾಲಂ ಇರಲಿಲ್ಲ.

“ಓದೋರಿದ್ರೆ ಸಾಲ್ದು ಸಾರ್, ಒಯ್ಯೋರು ಬೇಕು. ಪಟ್ಟಿ ಸೋಮವಾರ ಹಾಸನದ ಆಫೀಸಿಗೆ ಹೋಗುತ್ತೆ” ಎಂದರು.

ಪದ್ಮರಾಜಯ್ಯನವರು ನನ್ನನ್ನೇ ನೋಡಿದರು. ನನ್ನ ಕಾರ್ಡಿನಲ್ಲಿ ನಾನೇ ಪುಸ್ತಕ ತೆಗೆದುಕೊಂಡೆ.

ಸಂಜೆ ಸುದ್ದಿಯ ಲಕೋಟೆಯನ್ನು ಬೆಂಗಳೂರಿನ ರೈಲಿಗೆ ಕೊಡಲು ಹೋದವನು, ಪ್ಲಾಟ್‌ಫಾರಂ ಮೇಲೆ ಕೂತು ಸಂಪುಟ ಬಿಚ್ಚಿದೆ. ಸಿಕ್ಕಿದ್ದು ಕುಂಟುವ ಮೇಜಿನ ಮೇಲಿನ ಪ್ರಬಂಧ. ಮೂರು ತಲೆಮಾರುಗಳನ್ನು ಒಂದೇ ಕಾದಂಬರಿಯಲ್ಲಿ ಬಾಳಿಸಿ ಮಣ್ಣುಮಾಡಿದ ಆ ಮನುಷ್ಯ, ತನ್ನ ಹಸ್ತಪ್ರತಿಯ ಹಾಳೆಗಳನ್ನೇ ಮಡಿಸಿ ಮೇಜಿನ ಕಾಲಿನಡಿ ಕೊಡುತ್ತಾರೆ. ಒಂದು ಅಧ್ಯಾಯ ಹೆಚ್ಚಾಗಿ ಮೇಜು ಇನ್ನೊಂದು ಕಡೆಗೆ ವಾಲುತ್ತದೆ. ಓದುತ್ತ ಬೇಲೂರಿನ ಗುಡಿ ನೆನಪಾಯಿತು. ಅಲ್ಲಿ ನಾವೆಲ್ಲ ಕತ್ತೆತ್ತಿ ಮದನಿಕೆಯರನ್ನು ನೋಡುತ್ತೇವೆ. ಅಲ್ಲಿನ ಎಷ್ಟೋ ವಿಗ್ರಹಗಳ ಪೀಠದಲ್ಲಿ ಶಿಲ್ಪಿ ತನ್ನ ಹೆಸರನ್ನೂ ಕೆತ್ತಿದ್ದಾನೆ. ಎಂಟು ಶತಮಾನಗಳ ಹಿಂದಿನ ಆ ನಾಲ್ಕಕ್ಷರವನ್ನು ಮೊದಲ ಸಲ ಕಂಡಾಗ ನನಗೆ ಮೈ ಜುಮ್ಮೆಂದಿತ್ತು. ಇಷ್ಟನ್ನೆಲ್ಲ ಮಾಡಿದ್ದು ಒಬ್ಬ ಮನುಷ್ಯ, ಅವನಿಗೂ ಒಂದು ಮನೆಯಿತ್ತು, ಕೈ ನೋಯುತ್ತಿತ್ತು ಎಂದು ತಿಳಿದದ್ದು ಆ ವಿಗ್ರಹದಿಂದಲ್ಲ, ಹೆಸರಿನಿಂದ. ಮೇಜಿನ ಪ್ರಬಂಧದ ಕೊನೆಯ ಸಾಲಿಗೆ ಬಂದಾಗ ಮತ್ತೆ ಹಾಗೇ ಆಯಿತು. ಕಾದಂಬರಿಯಲ್ಲಿ ಹತ್ತು ಜನರ ಬಾಯಲ್ಲಿ ಮಾತಾಡಿದ್ದವರು ಇಲ್ಲಿ ತಾವೇ ಬಂದು ಪಕ್ಕದಲ್ಲಿ ಕೂತಿದ್ದರು.

ತಲೆಯೆತ್ತಿದಾಗ ರೈಲು ಹೋಗಿತ್ತು, ಲಕೋಟೆ ಕೈಯಲ್ಲೇ ಇತ್ತು. ರೈಲು ತಡವಾಯಿತೇ ಎಂದು ಮರುದಿನ ಉಪಸಂಪಾದಕರು ಫೋನಿನಲ್ಲಿ ವಿಚಾರಿಸಿದರು. ಇಲ್ಲ, ಸಮಯಕ್ಕೆ ಸರಿಯಾಗಿ ಬಂತು ಎಂದೆ. ಅದನ್ನು ಅವರು ನಂಬಲಿಲ್ಲ.

ಸರೋಜಮ್ಮನವರು ಆ ಪುಸ್ತಕದ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕಿದರು. ನನ್ನ ವರದಿಗೆ ನಾಲ್ಕು ಸಾಲಿನ ತಿದ್ದುಪಡಿ ಅಚ್ಚಾಯಿತು. ವಾಯಿದೆಗೆ ಮುಂಚೆಯೇ ಪುಸ್ತಕ ಹಿಂದಿರುಗಿಸಿದೆ. ಪದ್ಮರಾಜಯ್ಯನವರ ನಾಲ್ಕನೇ ಸುತ್ತು ಶುರುವಾಯಿತು. ಒಂದು ವಾರ ಅವರ ಹೆಂಡತಿಯೂ ಜೊತೆಗೆ ಬಂದಿದ್ದರು. ಇಬ್ಬರೂ ಒಂದೇ ಪುಟದ ಮೇಲೆ ಬಾಗಿದ್ದಾಗ ನಾಲ್ಕು ಗಂಟೆಯ ಬಸ್ಸು ಹೊರಟುಹೋಯಿತು.