ಗೌರಕ್ಕ ಇಟ್ಟ ಒಂದು ನಿಮಿಷ

ಗೌರಕ್ಕನ ಅಂಗಡಿಯಲ್ಲಿ ಅವರಿಗೆಂದು ತಂದ ಕುರ್ಚಿಯ ಪ್ಲಾಸ್ಟಿಕ್ ಹಾಳೆಯನ್ನು ಕೊನೆಯವರೆಗೂ ಯಾರೂ ಕಿತ್ತಿರಲಿಲ್ಲ. ಅವರು ಕೂತರೆ ತಾನೇ? ವಾಕಿ-ಟಾಕಿಗೆ ಕೇಬಲ್ ಸಿಕ್ಕಿಸಿ, ಕಂಪ್ಯೂಟರಿನ ಪರದೆಯ ಮೇಲೆ ಹಸಿರು ಪಟ್ಟಿ ತೆವಳತೊಡಗಿದರೆ ಸಾಕು, ಅವರ ಕಾಲು ನಿಲ್ಲುತ್ತಿರಲಿಲ್ಲ. ಕಸ ಗುಡಿಸುವರು, ಶಟರಿಗೆ ಎಣ್ಣೆ ಬಿಡುವರು, ಬಾಗಿಲಿಗೆ ಹೋಗಿ ರಸ್ತೆ ನೋಡಿ ಬರುವರು. ಪಟ್ಟಿ ತುಂಬುವಷ್ಟರಲ್ಲಿ ಪಿ.ಜೆ. ಬಡಾವಣೆಯ ಅರ್ಧ ಸುದ್ದಿ ಅವರಿಗೆ ಗೊತ್ತಾಗಿರುತ್ತಿತ್ತು.

ನನ್ನ ಟಿವಿ ರಿಪೇರಿ ಅಂಗಡಿ ಮುಚ್ಚಿ ಅವರಲ್ಲಿ ಕೆಲಸಕ್ಕೆ ಸೇರಿದಾಗ ನನಗೆ ನಲವತ್ತು ದಾಟಿತ್ತು. ಕಲ್ಯಾಣ ಮಂಟಪದವರು, ಸೆಕ್ಯುರಿಟಿಯವರು, ಮಲೆಬೆನ್ನೂರಿನ ಅಕ್ಕಿ ಗಿರಣಿಯವರು, ಎಲ್ಲರ ವಾಕಿ-ಟಾಕಿ ಸೆಟ್ಟುಗಳೂ ನಮ್ಮಲ್ಲಿಗೇ ಬರುತ್ತಿದ್ದವು. ಯಾರಿಗೆ ಯಾವ ಚಾನೆಲ್ ಎಂಬುದನ್ನೆಲ್ಲ ಸಾಫ್ಟ್‌ವೇರಿನಲ್ಲಿ ತುಂಬಿ ಸೆಟ್ಟಿಗೆ ಇಳಿಸುವುದು ನಮ್ಮ ಕೆಲಸ. ಮೊದಲ ದಿನವೇ ಗೌರಕ್ಕ ಹೇಳಿದ್ದರು: "ಪರಮೇಶಿ, ಮೊದ್ಲು ಸೆಟ್ಟಿನಾಗೆ ಏನೈತೆ ಅಂತ ಓದ್ಕೊ. ಆಮೇಲೆ ಬರಿ. ಗಡಿಬಿಡಿ ನಂಗಿರ್ಲಿ, ನಿಂಗೆ ಬ್ಯಾಡ."

ಒಮ್ಮೆ ಒಬ್ಬ ಮೀಸೆಯ ಗಿರಾಕಿ ಬಂದು, ಪೊಲೀಸರ ಮಾತು ಕೇಳುವ ಹಾಗೆ ಮಾಡಿಕೊಡಿ ಎಂದು ಗುಟ್ಟಾಗಿ ಕೇಳಿದ. ಗೌರಕ್ಕ ಸೆಟ್ಟನ್ನು ಅವನ ಕೈಗೇ ವಾಪಸು ಇಟ್ಟು, "ಮೊದ್ಲು ಮನ್ಯಾಗೆ ಹೆಂಡ್ತಿ ಮಾತು ಕೇಳ್ರಿ" ಎಂದರು. ಅವನು ಮತ್ತೆ ನಮ್ಮ ರಸ್ತೆಗೇ ಬರಲಿಲ್ಲ.

ಅವರ ಇನ್ನೊಂದು ಹಟ ಒಂದು ನಿಮಿಷದ್ದು. ಯಾರಾದರೂ ಮಾತಾಡುವ ಬಟನ್ ಒತ್ತಿ ಹಿಡಿದೇ ಇದ್ದರೆ ಆ ಚಾನೆಲ್ಲಿನಲ್ಲಿ ಬೇರೆ ಯಾರ ಮಾತೂ ಹೋಗುವುದಿಲ್ಲ. ಅದಕ್ಕೇ ಒಂದು ನಿಮಿಷವಾದ ಕೂಡಲೇ ಸೆಟ್ಟು ಕೀಂಯ್ ಎಂದು ತಾನೇ ಮಾತು ನಿಲ್ಲಿಸುವಂತೆ ಟೈಮರ್ ಇಡುತ್ತಿದ್ದರು. ಗಿರಣಿ ಸಾಹುಕಾರರಿಗೊಬ್ಬರಿಗೇ ವಿನಾಯಿತಿ. ಹಮಾಲರಿಗೆ ಉಪದೇಶ ಮಾಡುವಾಗ ನಡುವೆ ಕಟ್ಟಾಗುತ್ತದೆಂದು ಅವರು ಗೋಳಾಡಿದ್ದರು. "ಮಾತಾಡ್ಕೊಳ್ಲಿ ಬಿಡು, ಅಕ್ಕಿ ಏನು ಮುಳುಗಂಗಿಲ್ಲ" ಎಂದು ಗೌರಕ್ಕ ಅವರ ಸೆಟ್ಟುಗಳಿಂದ ಟೈಮರ್ ತೆಗೆಸಿದರು.

ಗೌರಕ್ಕನ ತಮ್ಮ ಬಸಣ್ಣ ಹರಿಹರದಲ್ಲಿದ್ದರು. ಹೊಳೆ ತುಂಬಿದಾಗ ಸಿಕ್ಕಿಕೊಂಡವರನ್ನು ಬೋಟಿನಲ್ಲಿ ಕರೆತರುವ ಒಂದು ತಂಡ ಕಟ್ಟಿದ್ದರು. ಆ ಮಳೆಗಾಲ ಆರು ಹೊಸ ಸೆಟ್ಟು ಕಳಿಸಿದರು. ಗೌರಕ್ಕ ಎಲ್ಲಿಗೋ ಹೋಗಿದ್ದರು. ತಂಡದವನು ಬಾಗಿಲಲ್ಲಿ ಬೈಕ್ ಆಫ್ ಮಾಡದೆ ನಿಂತು ಹಾರನ್ ಒತ್ತುತ್ತಿದ್ದ. ಪರದೆಯ ಮೇಲೆ ಗಿರಣಿಯ ಫೈಲ್ ತೆರೆದೇ ಇತ್ತು. ಸೆಟ್ಟುಗಳ ಮಾಡೆಲ್ಲೂ ಅದೇ. ನಾನು ಚಾನೆಲ್ ಮಾತ್ರ ಬದಲಾಯಿಸಿ ಆರಕ್ಕೂ ಇಳಿಸಿ ಕಳಿಸಿಬಿಟ್ಟೆ. ಓದಲಿಲ್ಲ, ಟೈಮರ್ ನೋಡಲಿಲ್ಲ. ದರಿದ್ರ ಅವಸರ ನನ್ನದು.

ನಾಲ್ಕನೆಯ ದಿನ ಹೊಳೆ ಏರಿತು. ನಾವಿಬ್ಬರೂ ಹರಿಹರಕ್ಕೆ ಹೋಗಿ ದಡದಲ್ಲಿ ನಿಂತಿದ್ದೆವು. ಬಸಣ್ಣ ಬೋಟಿನಲ್ಲಿ ನಡುಹೊಳೆಯಲ್ಲಿದ್ದಾಗ ಮೇಲಿನಿಂದ ಇನ್ನೂ ನೀರು ಬರುತ್ತಿದೆ ಎಂಬ ಸುದ್ದಿ ಬಂತು. ವಾಪಸು ಕರೆಯೋಣವೆಂದರೆ ಎಲ್ಲ ಸೆಟ್ಟಿನಲ್ಲೂ ಬರೀ ಬೋಟಿನ ಎಂಜಿನ್ ಸದ್ದು. ಬಸಣ್ಣನ ಸೆಟ್ಟು ಲೈಫ್ ಜಾಕೆಟ್ಟಿನ ಬೆಲ್ಟಿಗೆ ಸಿಕ್ಕಿ ಬಟನ್ ಒತ್ತಿಕೊಂಡಿತ್ತು. ಒಂದು ನಿಮಿಷವಾಯಿತು, ಎರಡಾಯಿತು, ಐದಾಯಿತು. ಸದ್ದು ನಿಲ್ಲಲಿಲ್ಲ. ಟೈಮರ್ ತೆಗೆಸಿದ್ದ ಗಿರಣಿಯ ಫೈಲ್ ನನಗೆ ಆಗ ನೆನಪಾಯಿತು. ಗೌರಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಮೊಣಕಾಲುದ್ದದ ನೀರಿಗಿಳಿದು, ಟವೆಲ್ ಬೀಸುತ್ತಾ ತಮ್ಮನ ಹೆಸರು ಕೂಗುತ್ತಾ ದಡದುದ್ದಕ್ಕೂ ಓಡಿದರು. ಕೊನೆಗೂ ಬೋಟು ತಿರುಗಿತು. ದಡದ ಹತ್ತಿರವೇ ಮಗುಚಿಕೊಂಡಿತು. ಎಲ್ಲರೂ ಬದುಕಿದರು, ಬಸಣ್ಣನ ಭುಜದ ಮೂಳೆ ಮುರಿಯಿತು.

ಮರುದಿನ ಗೌರಕ್ಕ ಆ ಸೆಟ್ಟಿಗೆ ಕೇಬಲ್ ಸಿಕ್ಕಿಸಿ ಓದಿದರು. ಅಂದು ಮಾತ್ರ ಹಸಿರು ಪಟ್ಟಿ ತುಂಬುವತನಕ ಅಲುಗಾಡದೆ ನಿಂತಿದ್ದರು. ಟೈಮರ್ ಇರಲಿಲ್ಲ. ನನ್ನತ್ತ ಒಂದು ಸಲ ನೋಡಿದರು. ಸಂಜೆ ಆಸ್ಪತ್ರೆಯಲ್ಲಿ, ತಂಡದವರೆಲ್ಲರ ಎದುರು ತಮ್ಮನಿಗೆ, "ಟೈಮರ್ ಇಡೋದು ಮರ್ತಿದ್ದೆ ಕಣೋ, ತಪ್ಪು ನಂದು" ಎಂದರು. ಬಸಣ್ಣ ಗೋಡೆಯ ಕಡೆ ಮುಖ ತಿರುಗಿಸಿದರು. ನಾನು ಬಾಗಿಲ ಬಳಿ ನಿಂತಿದ್ದೆ, ಬಾಯಿ ಬಿಡಲಿಲ್ಲ.

ಆಮೇಲೆ ಅಕ್ಕ ತಮ್ಮಂದಿರ ನಡುವೆ ಮಾತು ನಿಂತಿತು. ನಿಜ ಹೇಳಿಬಿಡುತ್ತೇನೆಂದು ನಾನು ಹೊರಟಾಗಲೆಲ್ಲ ಗೌರಕ್ಕ ಗದರಿದರು: "ಅಂಗಡಿ ನಂದು, ತಪ್ಪೂ ನಂದು. ನಿಂಗೆ ಹೆಂಡ್ತಿ ಮಕ್ಕಳು ಅದಾರೆ, ಸುಮ್ನೆ ಕೆಲಸ ನೋಡು." ನನಗೂ ಅದೇ ಬೇಕಿತ್ತು. ಸುಮ್ಮನಾದೆ. ನಾಚಿಕೆಗೇಡು, ಆದರೂ ಸುಮ್ಮನಾದೆ. ಎರಡು ವರ್ಷ ಕಳೆದು ಒಂದು ಬೆಳಿಗ್ಗೆ ಅಂಗಡಿಯ ಬೀಗ ತೆಗೆಯುವಾಗಲೇ ಎದೆ ಹಿಡಿದುಕೊಂಡು ಕುಸಿದ ಗೌರಕ್ಕ ಮತ್ತೆ ಏಳಲಿಲ್ಲ.

ಅಂಗಡಿ ಈಗ ನಾನು ನೋಡಿಕೊಳ್ಳುತ್ತಿದ್ದೇನೆ. ಈ ಮಳೆಗಾಲಕ್ಕೆ ಮುಂಚೆ ಬಸಣ್ಣನೇ ಸೆಟ್ಟುಗಳನ್ನು ಚೀಲದಲ್ಲಿ ತಂದರು. ಮೇಜಿನ ಮೇಲಿಟ್ಟು, "ಟೈಮರ್ ನೋಡಿ ಹಾಕ್ರಿ. ಅಕ್ಕನ ಕೈಯಾಗೆ ಒಂದ್ಸಲ ತಪ್ಪಾಗಿತ್ತು" ಎಂದರು.

ಇನ್ನು ತಡೆಯಲಾಗಲಿಲ್ಲ. "ಅಕ್ಕಂದಲ್ಲ, ಅಣ್ಣಾರೆ. ಅದು ನನ್ನ ಕೈ ತಪ್ಪು" ಎಂದೆ. ನಡೆದದ್ದೆಲ್ಲ ಹೇಳಿದೆ.

ಬೈಯುತ್ತಾರೆಂದುಕೊಂಡೆ, ಹೊಡೆದರೂ ಹೊಡೆಸಿಕೊಳ್ಳುತ್ತಿದ್ದೆ. ಅವರು ಖಾಲಿ ಚೀಲವನ್ನು ಮಡಚಿ ಮೇಜಿನ ಮೇಲಿಟ್ಟರು.

"ಎರಡು ನಾಗರಪಂಚಮಿ ಆಕಿನ್ನ ತವರಿಗೆ ಕರ್ಯಾಕೆ ಹೋಗ್ಲಿಲ್ಲ ನಾನು" ಎಂದರು.