ಪಾಪ ಅಂದವರು ಟೀ ಮಾಡಬೇಕು

ಆಗೆಲ್ಲ ಬೇಸಿಗೆ ಬಂತೆಂದರೆ ವರ್ತೂರು ಕೆರೆಯ ನೀರು ನಮ್ಮೂರಿನ ಕಡೆಯಿಂದ ಹಿಂದೆ ಸರಿಯುತ್ತಿತ್ತು. ನೀರು ಬಿಟ್ಟುಹೋದ ಜಾಗ ಬಿಸಿಲಿಗೆ ಬಿರಿದು ಗಟ್ಟಿ ಮೈದಾನವಾಗುತ್ತಿತ್ತು. ಸಂಜೆ ಅಲ್ಲಿ ಒಣಗಿದ ಜೊಂಡಿನ ವಾಸನೆ, ಎಮ್ಮೆಗಳ ವಾಸನೆ, ದಡದಲ್ಲಿ ಯಾರೋ ಸುಡುತ್ತಿದ್ದ ಮೀನಿನ ವಾಸನೆ. ನಮ್ಮೂರಿನ ಮಕ್ಕಳೆಲ್ಲ ಸೈಕಲ್ ಕಲಿತದ್ದು ಅಲ್ಲೇ. ನಮ್ಮಪ್ಪ ಅಲ್ಲಿ ಎರಡು ಸಲ ಕಲಿತ. ಒಂದು ಸಲ ಹುಡುಗನಾಗಿದ್ದಾಗ, ಇನ್ನೊಂದು ಸಲ ನಾನು ನೋಡುತ್ತಿದ್ದಾಗ.

ಅಪ್ಪ ಮುನಿಯಪ್ಪ ಮಿಲಿಟರಿಯಲ್ಲಿದ್ದ. ಬಾಂಗ್ಲಾ ಯುದ್ಧದಲ್ಲಿ, ನೆಲದಲ್ಲಿ ಹೂತಿಟ್ಟ ಬಾಂಬು ಸಿಡಿದು ಎಡಗಾಲು ಮೊಣಕಾಲಿನ ಕೆಳಗೆ ಹೋಯಿತು. ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದು, ಮರದ ಕಾಲು ಹಾಕಿಸಿಕೊಂಡು ಊರಿಗೆ ಬಂದಾಗ ನನಗೆ ಎಂಟೋ ಒಂಬತ್ತೋ ವರ್ಷ. ಊರಿಗೆ ಊರೇ ನೋಡಲು ಬಂತು. ಬಾಳೆಹಣ್ಣು, ಬನ್ನು ತಂದವರು ಜಗಲಿಯಲ್ಲಿ ಕೂತು, ಅಪ್ಪನ ಮುಖ ಬಿಟ್ಟು ಕಾಲನ್ನೇ ನೋಡುತ್ತ "ಅಯ್ಯೋ ಪಾಪ" ಅನ್ನುತ್ತಿದ್ದರು. ಅಪ್ಪ ಗೋಡೆ ನೋಡುತ್ತಿದ್ದ. ಅವರು ಎದ್ದು ಹೋದ ಮೇಲೂ ಗೋಡೆಯನ್ನೇ ನೋಡುತ್ತಿದ್ದ. ಆ ಬಾಳೆಹಣ್ಣು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಉರಿದುಕೊಂಡೇ ತಿನ್ನುತ್ತಿದ್ದೆ.

ಮನೆಯಲ್ಲಿ ಅಜ್ಜಿ ಹೊಸ ಕಟ್ಟಳೆ ಮಾಡಿದಳು. ಅಪ್ಪನ ಎದುರು ಕಾಲಿನ ಮಾತೆತ್ತಬಾರದು, ಯಾರೂ ಓಡಬಾರದು, ನಾನು ಕುಂಟೆಬಿಲ್ಲೆ ಆಡಲೇಬಾರದು. ಆಟ ಬಿಟ್ಟಿರಲಾರದೆ ನಾನು ಹಿತ್ತಲಿನಲ್ಲಿ, ಹುಲ್ಲಿನ ಬಣವೆಯ ಮರೆಯಲ್ಲಿ ಮನೆ ಬರೆದುಕೊಂಡು ಕುಂಟುತ್ತಿದ್ದೆ.

ಅಂತೋಣಿ ಮಾಮ ನನ್ನನ್ನು ಹಿಡಿದದ್ದು ಅಲ್ಲಿ. ಅಪ್ಪನ ಜೊತೆ ಒಂದೇ ವಾರ್ಡಿನಲ್ಲಿ ಮಲಗಿದ್ದವನು. ಅವನ ಬಲಗಾಲು ತೊಡೆಯಿಂದಲೇ ಇರಲಿಲ್ಲ. ಇದ್ದ ಇನ್ನೊಂದು ಪಾದವನ್ನು ಟ್ಯೂಬಿನ ಪಟ್ಟಿಯಿಂದ ಪೆಡಲಿಗೆ ಸಿಕ್ಕಿಸಿಕೊಂಡು, ಊರುಗೋಲನ್ನು ಸೈಕಲ್ಲಿನ ಕಂಬಿಗೆ ಕಟ್ಟಿಕೊಂಡು ವೈಟ್‌ಫೀಲ್ಡಿನಿಂದ ಬಂದಿದ್ದ. ಕ್ಯಾರಿಯರ್ ಮೇಲೆ ದೊಡ್ಡನೆಕ್ಕುಂದಿಯ ಸೀನಪ್ಪ ಮಾಮ. ಅದೇ ವಾರ್ಡಿನ ಹಳಬ. ಅವನದು ಹಿಂದಿನ ಯುದ್ಧ, ಹೋದದ್ದು ಕೈ. ಏರು ಬಂದಾಗ ಇಳಿದು ಒಂದೇ ಕೈಯಲ್ಲಿ ತಳ್ಳಿದನಂತೆ.

"ಯಾಕೆ ಮಗಾ, ಕಳ್ಳರ ತರ ಹಿತ್ತಲಲ್ಲಿ ಆಡ್ತಿದೀಯ?" ಅಂದ ಅಂತೋಣಿ ಮಾಮ.

"ಅಪ್ಪನ ಮುಂದೆ ಕುಂಟ್ಬಾರ್ದಂತೆ. ಅಜ್ಜಿ ಬಯ್ತಾಳೆ."

ಮಾಮ ನನ್ನನ್ನು ಮನೆಯ ಮುಂದಕ್ಕೆ ಕರೆದುಕೊಂಡು ಬಂದ. ಅಪ್ಪ ಕೂತಿದ್ದ ಜಗಲಿಯ ಎದುರಿಗೇ ಮನೆ ಬರೆಸಿದ. ಊರುಗೋಲು ಆಚೆ ಎಸೆದು, ಬಿಲ್ಲೆ ಹಾಕಿ, ಒಂದೊಂದೇ ಮನೆ ಹಾರಿಕೊಂಡು ಹೋಗಿ ಬಗ್ಗಿ ಬಿಲ್ಲೆ ಎತ್ತಿಕೊಂಡು ಬಂದ.

"ನನ್ನನ್ನ ಯಾರೂ ಔಟ್ ಮಾಡಕ್ಕಾಗಲ್ಲ ಮಗಾ," ಅಂದ. "ಊರಕ್ಕೆ ಇನ್ನೊಂದು ಕಾಲಿದ್ರೆ ತಾನೆ?"

ಜಗಲಿಯ ಮೇಲಿಂದ ನಗು ಕೇಳಿಸಿತು. ಅಪ್ಪ ಊರಿಗೆ ಬಂದ ಮೇಲೆ ನಕ್ಕದ್ದು ಅದೇ ಮೊದಲು. ಅಷ್ಟರಲ್ಲಿ ಒಳಗಿಂದ ಬಂದ ಅಜ್ಜಿ ಅಂತೋಣಿ ಮಾಮನನ್ನು ನೋಡಿ, "ಅಯ್ಯೋ ಪಾಪ, ನಿಂಗೂ ಕಾಲಿಲ್ವೇನಪ್ಪಾ" ಅಂದಳು.

ಸೀನಪ್ಪ ಮಾಮ ಇದ್ದ ಒಂದು ಕೈ ಎತ್ತಿದ. "ಅಜ್ಜಿ ಪಾಪ ಅಂದ್ಬಿಟ್ರು. ಎಲ್ಲಾರ್ಗೂ ಟೀ ಮಾಡ್ಬೇಕು."

ಅದು ವಾರ್ಡಿನ ಕಾನೂನಂತೆ. ಕೈಕಾಲು ಕಳೆದುಕೊಂಡವರೆಲ್ಲ ಸೇರಿ ಮಾಡಿಕೊಂಡದ್ದು. ಪಾಪ ಅಂದವರು ಯಾರೇ ಆಗಲಿ, ಅಲ್ಲಿದ್ದವರಿಗೆಲ್ಲ ಕೈಯಾರೆ ಟೀ ಮಾಡಿ ಕೊಡಬೇಕು. ಹಣ್ಣು ಹಂಚಲು ಬಂದಿದ್ದ ದೊಡ್ಡ ಆಫೀಸರ ಹೆಂಡತಿಯನ್ನೂ ಬಿಟ್ಟಿರಲಿಲ್ಲವಂತೆ. ಅಜ್ಜಿಗೆ ಕಾನೂನು ಅರ್ಥವಾಗುವ ಮೊದಲೇ ಮನೆಯ ಟೀ ಪುಡಿ ಮುಗಿಯಿತು. ಅಮ್ಮ ಮಾತ್ರ ಒಂದು ಸಲವೂ ಆ ದಂಡದ ಟೀ ಮಾಡಲಿಲ್ಲ.

ಅವರಿಬ್ಬರೂ ಬಂದದ್ದು ಸುಮ್ಮನೆ ಅಲ್ಲ. ಸೀನಪ್ಪ ಮಾಮ ಕೆಲಸ ಮಾಡುತ್ತಿದ್ದ ದೊಡ್ಡನೆಕ್ಕುಂದಿ ಕಡೆಯ ಕಾರ್ಖಾನೆಯ ಸ್ಟೋರಿನಲ್ಲಿ, ಮಿಲಿಟರಿಯಿಂದ ಬಂದವರಿಗೆಂದು ಒಂದು ಜಾಗ ಖಾಲಿಯಿತ್ತು. ಬೆಳಗಿನ ಪಾಳಿ. ನಮ್ಮೂರಿಂದ ಮೊದಲ ಬಸ್ಸು ಹೊರಡುವ ಹೊತ್ತಿಗೆ ಅಲ್ಲಿ ಸೈರನ್ ಕೂಗಿ ಆಗಿರುತ್ತಿತ್ತು. ಸೈಕಲ್ ತುಳಿದರೆ ಕೆಲಸ, ಇಲ್ಲದಿದ್ದರೆ ಜಗಲಿ.

"ಸುಮ್ಕೆ ಕೂತ್ಕೊ ಅಣ್ಣ," ಅಂದ ಚಿಕ್ಕಪ್ಪ. "ಎರಡೊತ್ತು ಮುದ್ದೆ ನಾವಾಕ್ತೀವಿ."

ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಅದಕ್ಕೇ ಆ ಮಾತಿಗೆ ಎದುರಾಡುವುದು ಕಷ್ಟವಾಗಿತ್ತು. ಅಪ್ಪ ಎದ್ದು, ಗೋಡೆಗೆ ಒರಗಿಸಿದ್ದ ತನ್ನ ಹಳೆಯ ಸೈಕಲ್ಲಿನ ಧೂಳು ಒರೆಸಿದ.

ಕೆರೆಯಂಗಳದಲ್ಲಿ ಪಾಠ ಶುರುವಾಯಿತು. ಮರದ ಪಾದ ಜಾರದಂತೆ ಅದನ್ನು ಟ್ಯೂಬಿನಿಂದ ಪೆಡಲಿಗೆ ಬಿಗಿದರು. ತುಳಿಯುವುದು ಬೇಗ ಬಂತು. ತೊಂದರೆಯಿದ್ದದ್ದು ಇಳಿಯುವುದರಲ್ಲಿ. ನಾವೆಲ್ಲ ಸೈಕಲ್ಲಿನಿಂದ ಎಡಕ್ಕೆ ಇಳಿಯುವವರು. ಅಪ್ಪನಿಗೂ ಹುಡುಗನಾದಾಗಿನಿಂದ ಅದೇ ಅಭ್ಯಾಸ. ಈಗ ಎಡಗಾಲು ಪೆಡಲಿಗೆ ಕಟ್ಟಿದೆ. ಬ್ರೇಕ್ ಹಿಡಿದ ಕೂಡಲೇ ಮೈ ತಾನಾಗಿ ಎಡಕ್ಕೆ ವಾಲಿ, ಸೈಕಲ್ ಸಮೇತ ಅಪ್ಪ ನೆಲಕ್ಕೆ ಬೀಳುತ್ತಿದ್ದ.

"ಬಲಕ್ಕೆ ಇಳಿ ಕಣೋ ಮುನಿಯಪ್ಪ," ಅಂತ ಅಂತೋಣಿ ಮಾಮ ಕೂತಲ್ಲಿಂದಲೇ ಕೂಗುತ್ತಿದ್ದ. ಎತ್ತಲು ಹೋಗುತ್ತಿರಲಿಲ್ಲ. ನಾನು ಓಡಿದರೆ ನನ್ನ ಲಂಗ ಹಿಡಿದು ನಿಲ್ಲಿಸುತ್ತಿದ್ದ. "ಅವನು ಕರೀಲಿ ಮಗಾ. ಕರೆದ್ರೆ ಮೂರೂ ಜನ ಹೋಗೋಣ." ಅಪ್ಪ ಕರೆಯುತ್ತಿರಲಿಲ್ಲ. ಮೊಣಕೈ ಸುಲಿದು, ಅಂಗಿ ಹರಿದು, ಮರದ ಕಾಲಿನ ಅಂಚು ಮೊಣಕಾಲಿಗೆ ತಾಗುವ ಜಾಗದಲ್ಲಿ ರಕ್ತ ಬಂದರೂ ತಾನೇ ಎದ್ದು ಬರುತ್ತಿದ್ದ. ಆಗ ಮಾಮನ ಮೇಲೆ ನನಗೆ ಎಷ್ಟು ಸಿಟ್ಟಿತ್ತೆಂದರೆ ಒಂದು ದಿನ ಅವನ ಊರುಗೋಲು ಬಚ್ಚಿಟ್ಟೆ. ಅವನು ಕುಂಟೆಬಿಲ್ಲೆಯ ಹಾಗೆ ಹಾರಿಕೊಂಡು ಹೋಗಿ ಹುಡುಕಿಕೊಂಡ.

ಕೆರೆ ಏರಿಯ ಮೇಲೆ ಊರೆಲ್ಲ ನೋಡಲು ನಿಲ್ಲುತ್ತಿತ್ತು. ಒಂದು ಸಂಜೆ ಅಪ್ಪ ಜೋರಾಗಿಯೇ ಬಿದ್ದ. ಏರಿಯ ಮೇಲಿದ್ದ ದೊಡ್ಡ ಗೌಡರು ಊರಿಗೆಲ್ಲ ಕೇಳುವಂತೆ, "ಪಾಪ, ಯಾಕಿಂಗೆ ಒದ್ದಾಡ್ತಾನೋ" ಅಂದರು. ಅವರ ಮಾತಿಗೆ ಊರಲ್ಲಿ ಯಾರೂ ಎದುರು ಹೇಳುತ್ತಿರಲಿಲ್ಲ. ಸೀನಪ್ಪ ಮಾಮ ಏರಿ ಹತ್ತಿ ಹೋಗಿ ಅವರ ಮುಂದೆ ಅಟೆನ್ಷನ್ನಿನಲ್ಲಿ ನಿಂತ.

"ಗೌಡ್ರೇ, ಟೀ ಮಾಡ್ಬೇಕು."

"ಓಟ್ಲಿಂದ ತರುಸ್ತೀನಿ ಬಿಡಪ್ಪ."

"ತರ್ಸೋದಲ್ಲ ಗೌಡ್ರೇ. ಮಾಡೋದು."

ಬಿದ್ದಲ್ಲೇ ಕೂತಿದ್ದ ಅಪ್ಪ ಅಲ್ಲಿಂದಲೇ ಕೂಗಿದ: "ಸಕ್ಕರೆ ಜಾಸ್ತಿ ಆಕ್ಬೇಕು ಗೌಡ್ರೇ."

ಗೌಡರು ಪಂಚೆ ಎತ್ತಿ ಕಟ್ಟಿದರು. ನಮ್ಮ ಮನೆಯ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಊದುಕೊಳವೆ ಊದಿ, ಕಣ್ಣಲ್ಲಿ ನೀರು ಸುರಿಸಿಕೊಂಡು ಟೀ ಮಾಡಿದರು. ಅಷ್ಟು ಕೆಟ್ಟ ಟೀ ನಾನು ಮತ್ತೆಂದೂ ಕುಡಿದಿಲ್ಲ. ಅಪ್ಪ ಎರಡು ಲೋಟ ಕುಡಿದ. ಮಾರನೆಯ ಸಂಜೆ ಬ್ರೇಕ್ ಹಿಡಿದವನು ಬಲಗಾಲು ಊರಿ ನಿಂತ. ನಿಂತೇ ಇದ್ದ. ಏರಿಯ ಮೇಲೆ ನಿಂತು ನೋಡುತ್ತಿದ್ದ ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಮನೆಗೆ ಹೊರಟಳು, ಬೆಳಗ್ಗೆ ಬುತ್ತಿಗೆ ರೊಟ್ಟಿ ತಟ್ಟಬೇಕಿತ್ತಲ್ಲ.

ನಿವೃತ್ತಿಯಾಗುವವರೆಗೂ ಅಪ್ಪ ಆ ಕಾರ್ಖಾನೆಗೆ ಸೈಕಲ್ಲಿನಲ್ಲೇ ಹೋಗಿಬಂದ. ಊರೆಲ್ಲ ಅವನನ್ನು ನೋಡಿ ಬಲಕ್ಕೆ ಇಳಿಯುವ ಮುನಿಯಪ್ಪ ಅನ್ನುತ್ತಿತ್ತು.

ಈಗ ಆ ಕೆರೆಯಲ್ಲಿ ಬೇಸಿಗೆಯಲ್ಲೂ ನೀರಿದೆ, ನೀರಿನ ಮೇಲೆ ನೊರೆಯಿದೆ. ಏರಿಯ ಮೇಲೆ ನಿಂತರೆ ಮೂಗು ಮುಚ್ಚಿಕೊಳ್ಳಬೇಕು. ಅಪ್ಪ ಬಿದ್ದು ಎದ್ದ ನೆಲ ಆ ನೊರೆಯ ಕೆಳಗೆಲ್ಲೋ ಇದೆ. ಸೀನಪ್ಪ ಮಾಮ ಮೊದಲು ಹೋದ, ಆಮೇಲೆ ಅಪ್ಪ.

ಅಪ್ಪನನ್ನು ಅಂಗಳದಲ್ಲಿ ಮಲಗಿಸಿದ್ದ ದಿನ ಅಂತೋಣಿ ಮಾಮ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದ. ಬಿಚ್ಚಿಟ್ಟಿದ್ದ ಮರದ ಕಾಲು ಕಂಡು ನನಗೆ ತಡೆಯಲಾಗಲಿಲ್ಲ. "ಪಾಪ, ನಮ್ಮಪ್ಪ" ಅಂದುಬಿಟ್ಟೆ.

ಮಾಮ ನನ್ನ ಕಡೆ ತಿರುಗಿದ. ಅವನ ಕಣ್ಣೂ ತುಂಬಿತ್ತು. "ಟೀ, ಮಗಾ," ಅಂದ.

ನಾನು ಎದ್ದು ಒಳಗೆ ಹೋಗಿ ಒಲೆ ಹಚ್ಚಿದೆ. ಚಿಕ್ಕಮ್ಮ ಓಡಿ ಬಂದು ಕೈ ಹಿಡಿದಳು. "ಸಾವಿನ ಮನೇಲಿ ಒಲೆ ಅಚ್ತಾರೇನೇ?"

"ಈ ಮನೇಲಿ ಹಚ್ತಾರೆ ಚಿಕ್ಕಮ್ಮ," ಅಂದೆ. ಅಂಗಳದಲ್ಲಿದ್ದವರಿಗೆಲ್ಲ ಕೊಟ್ಟೆ, ಸಕ್ಕರೆ ಜಾಸ್ತಿ ಹಾಕಿ. ಕೆಲವರು ಮುಟ್ಟಲಿಲ್ಲ. ಮಾಮ ಎರಡು ಲೋಟ ಕುಡಿದ.

ಈಗ ಅವನೂ ಇಲ್ಲ. ಪಾಪ ಅನ್ನುವವರಿಗೆ ಇವತ್ತಿಗೂ ಕಡಿಮೆಯಿಲ್ಲ. ಟೀ ಕೇಳುವವರೇ ಇಲ್ಲ.