ಮಂಕರಿಯಡಿಯ ರೋಬೋಟ್

ಕಸ ಗುಡಿಸುವ ರೋಬೋಟ್ ನಮ್ಮ ಮನೆಗೆ ಬಂದಿದ್ದು ನನ್ನ ಸೊಂಟನೋವಿನ ದೆಸೆಯಿಂದ. ಮೊದಲ ತಿಂಗಳು ಅತ್ತೆ ಅದಕ್ಕೆ ಮುಖ ಕೊಡಲೇ ಇಲ್ಲ. ಎರಡನೇ ತಿಂಗಳು ಅದರ ದಾರಿಗೆ ಅಡ್ಡವಾದ ಕುರ್ಚಿಗಳನ್ನು ಎತ್ತಿಡತೊಡಗಿದರು. ವರ್ಷ ತುಂಬುವಷ್ಟರಲ್ಲಿ, ಅದು ಮಂಚದಡಿ ಸಿಕ್ಕಿಹಾಕಿಕೊಂಡರೆ "ಬಾ ಈ ಕಡೆ, ಅಲ್ಲೇನಿದೆ ನಿಂಗೆ" ಎಂದು ಗದರುವಷ್ಟು ಸಲಿಗೆ ಬೆಳೆದಿತ್ತು. ನನ್ನ ಜೊತೆ ಅಷ್ಟು ಬೇಗ ಹೊಂದಿಕೊಂಡಿರಲಿಲ್ಲ, ಬಿಡಿ.

ಬೆಳಿಗ್ಗೆ ಒಂಬತ್ತಕ್ಕೆ ತಾನಾಗಿಯೇ ಶುರುವಾಗಲಿ ಎಂದು ಫೋನಿನಲ್ಲಿ ಟೈಮ್ ಇಟ್ಟವಳು ನಾನೇ. ಮಾವ ಹೃದಯದ ಆಪರೇಷನ್ನಿಗೆ ಮೈಸೂರಿಗೆ ಹೊರಟ ದಿನ ಅದನ್ನು ತೆಗೆಯುವುದು ಮರೆತೇಹೋಯಿತು. "ಹಲ್ಲು ಕೀಳಿಸ್ಕೊಂಡು ಬಂದಂಗೆ ಬರ್ತೀರ, ಹೋಗ್ಬನ್ನಿ" ಎಂದು ಅತ್ತೆ ನಗುನಗುತ್ತಾ ಕಳಿಸಿದರು. ನನ್ನ ಗಂಡನ ಕಾರು ಇನ್ನೂ ಹಾರಂಗಿ ರಸ್ತೆಗೆ ಇಳಿದಿರಲಿಲ್ಲ, ಒಳಗೆ ರೋಬೋಟ್ ಗುಂಯ್ ಎಂದು ಎದ್ದಿತು.

"ನಿಲ್ಸೇ ಅದನ್ನ! ಅವ್ರು ಈಗಿನ್ನೂ ಹೊರಟವ್ರೆ!"

ಹೋದವರ ಬೆನ್ನಿಗೇ ಮನೆ ಗುಡಿಸುವುದು ಹೆಣ ಎತ್ತಿದ ಮೇಲೆ ಮಾತ್ರ. ಅದು ನನಗೂ ಗೊತ್ತು, ಆದರೆ ನಂಬುವವಳಲ್ಲ. ನಾನು ಫೋನ್ ಹುಡುಕುವಷ್ಟರಲ್ಲಿ ಅತ್ತೆ ಹಿತ್ತಲಿಗೆ ಓಡಿ, ಕೋಳಿ ಮುಚ್ಚುವ ಮಂಕರಿ ತಂದು ಅದರ ಮೇಲೆ ಕವುಚಿದರು. ರೋಬೋಟ್ ಮಂಕರಿಯನ್ನೇ ನೂಕಿಕೊಂಡು ಹೊರಟಿತು. ನಾನು ನಕ್ಕುಬಿಟ್ಟೆ. ಅತ್ತೆ ನೆಲದ ಮೇಲೆ ಕೂತು ಎರಡೂ ಕೈಯಿಂದ ಮಂಕರಿಯನ್ನು ಒತ್ತಿ ಹಿಡಿದಿದ್ದರು. ನಾನು ಫೋನಿನಲ್ಲಿ ಅದನ್ನು ನಿಲ್ಲಿಸಿ, ಟೈಮ್ ತೆಗೆದ ಮೇಲೂ ಅವರು ಕೈ ಬಿಡಲಿಲ್ಲ. ನನ್ನ ಮೇಲೇ ನನಗೆ ಸಿಟ್ಟು ಬಂತು.

ಮಧ್ಯಾಹ್ನ ಗಂಡನ ಫೋನ್ ಬಂತು, ತಲುಪಿದೆವು ಎಂದು. ಮಾರನೇ ದಿನ, ಆಪರೇಷನ್ ಚೆನ್ನಾಗಿ ಆಯಿತೆಂದು. ಎರಡು ಸಲವೂ ನಾನು ಮಂಕರಿಗೆ ಕೈ ಹಾಕಿದೆ, ಎರಡು ಸಲವೂ ಅತ್ತೆ "ಮನೆಗ್ ಬರ್ಲಿ" ಎಂದರು. ಕಸಬರಿಗೆಯನ್ನೂ ಮುಟ್ಟುವಂತಿರಲಿಲ್ಲ. ಕಾಫಿ ಕಣದ ಧೂಳೆಲ್ಲ ಪಡಸಾಲೆಗೆ ಬಂದು ಕೂತಿತು. ನಿಜ ಹೇಳುತ್ತೇನೆ, ಮೂರನೇ ದಿನದ ಹೊತ್ತಿಗೆ ಅತ್ತೆಯೇ ಗುಡಿಸು ಎಂದಿದ್ದರೂ ನಾನು ಗುಡಿಸುತ್ತಿರಲಿಲ್ಲ.

ಏಳನೇ ದಿನ ಮಾವ ಮಗನ ತೋಳು ಹಿಡಿದು ನಿಧಾನಕ್ಕೆ ಒಳಗೆ ಬಂದರು. ನೆಲ ನೋಡಿದರು, ಮಂಕರಿ ನೋಡಿದರು.

"ಇದೇನು, ನಾನಿಲ್ದಾಗ ಪಡಸಾಲೆಲೇ ಕೋಳಿ ಸಾಕ್ತಿದೀರಾ?"

ಅತ್ತೆ ನನ್ನ ಮುಖ ನೋಡಿದರು. ಅಷ್ಟು ಧೈರ್ಯವಾಗಿ ಕಳಿಸಿದವರು, ಹೆದರಿ ಸತ್ತೆ ಎಂದು ಈಗ ಹೇಗೆ ಹೇಳಿಯಾರು?

"ರೋಬೋಟ್ ಕೆಟ್ಟೋಗಿತ್ತು ಮಾವ," ಎಂದೆ. "ಧೂಳು ಕೂರ್ದಿರ್ಲಿ ಅಂತ ನಾನೇ ಮುಚ್ಚಿದ್ದೆ."

"ಹೂಂ, ಕೆಟ್ಟೋಗಿತ್ತು," ಎಂದರು ಅತ್ತೆ ತಕ್ಷಣ.

ನಾನು ಸೊಸೆಯಾಗಿ ಬಂದು ಹನ್ನೊಂದು ವರ್ಷ. ನಾವಿಬ್ಬರೂ ಸೇರಿ ಹೇಳಿದ ಮೊದಲ ಸುಳ್ಳು ಅದು.